ಫೋನಿನಲ್ಲಿ ಬಂದ ಬಾಗಿನ

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲಿಗಳಾದ್ದರಿಂದ, ಬರೆಯಲು ಕುಳಿತಾಗಲೆಲ್ಲ ಬೆನ್ನ ಹಿಂದೆ ಯಾರೋ ಕೆಂಪು ಶಾಯಿಯ ಲೇಖನಿ ಹಿಡಿದು ನಿಂತಿದ್ದಾರೆಂಬ ಭಯ ನನಗೆ. ನಿರೂಪಣೆಯಲ್ಲಿ ಲೋಪದೋಷಗಳು ನುಸುಳಿದ್ದರೆ ಸಹೃದಯರು ಮನ್ನಿಸಬೇಕು. ವಿಷಯವಾದರೋ ಅತ್ಯಲ್ಪ. ಫೋನಿನಲ್ಲಿ ನಾವು ಸ್ಟೇಟಸ್ ಹಾಕಿದರೆ ಅದರಡಿ ಪುಟ್ಟದೊಂದು ಕಣ್ಣು ಮೂಡುತ್ತದಷ್ಟೆ? ಅದನ್ನೊತ್ತಿದರೆ ಯಾರು ಯಾರು ನೋಡಿದರೆಂದು ತಿಳಿಯುತ್ತದೆ. ಆ ಕಣ್ಣನ್ನು ನಂಬಿ ನಾವು ಕೆಟ್ಟ ಕಥೆಯಿದು.

ಕಡೂರಿನ ನಮ್ಮ ಮನೆಗೆ ಈ ವಿದ್ಯೆಯನ್ನು ತಂದವಳು ನಾನು. ನನ್ನ ಪದವಿಯಿಂದ ಅಮ್ಮನಿಗೆ ನೇರವಾಗಿ ದೊರೆತ ಪ್ರಯೋಜನ ಪ್ರಾಯಶಃ ಇದೊಂದೇ. ರಂಗೋಲಿ, ರೊಟ್ಟಿ, ಹೊಸ ಕುಕ್ಕರು, ಅಪ್ಪನ ಗೊರಕೆ, ತನ್ನ ನಗುಮುಖ, ಎಲ್ಲವನ್ನೂ ಅವಳು ಲೋಕಾರ್ಪಣೆ ಮಾಡತೊಡಗಿದಳು. ಆ ಲೋಕವೆಂದರೆ ಒಬ್ಬರೇ, ಅಜ್ಜಂಪುರದ ಸಾವಿತ್ರಮ್ಮ. ಅಮೃತಾಪುರದಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಬೆಳೆದು, ತರೀಕೆರೆಯ ಹೈಸ್ಕೂಲಿಗೆ ಒಂದೇ ಬಸ್ಸಿನಲ್ಲಿ ನೇತಾಡಿದ ಗೆಳತಿಯರಿವರು. ಅಮ್ಮನಿಗೆ ಅಣ್ಣತಮ್ಮಂದಿರಿಲ್ಲ. ಗೌರಿಹಬ್ಬಕ್ಕೆ ತವರಿನಿಂದ ಬರಬೇಕಾದ ಬಾಗಿನವನ್ನು, ಅಂದರೆ ಅರಿಶಿನ ಬಳಿದು ಬಳೆ, ಅಕ್ಕಿ, ಬೇಳೆ ತುಂಬಿದ ಜೋಡಿ ಮೊರವನ್ನು, ಸಾವಿತ್ರಮ್ಮನೇ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು.

ಮೊದಲೆಲ್ಲ ಭಾನುವಾರ ಬಂತೆಂದರೆ ಇಬ್ಬರ ಫೋನೂ ಬಿಸಿಯೇರುತ್ತಿತ್ತು. ಸ್ಟೇಟಸ್ಸಿನ ನಂತರ ಆ ಮಾತು ನಿಂತಿತು. ಕೇಳಿದರೆ ಅಮ್ಮನ ಉತ್ತರ ಸಿದ್ಧ: "ಚೆನ್ನಾಗವ್ಳೆ ಕಣೇ. ಬೆಳಿಗ್ಗೆ ಚಿತ್ರಾನ್ನ ಮಾಡವ್ಳೆ, ಈಗಷ್ಟೇ ನೋಡ್ದೆ. ಇನ್ನೇನ್ ಕೇಳೋದು?"

ಈ ವರ್ಷದ ಗೌರಿಯಂದು ಸಾವಿತ್ರಮ್ಮ ಬರಲಿಲ್ಲ. ಮಧ್ಯಾಹ್ನ ಅವರ ಸ್ಟೇಟಸ್ಸಿನಲ್ಲಿ ಹೊಳೆಯುವ ಅಕ್ಷರಗಳೊಡನೆ ಜೋಡಿ ಮೊರದ ಚಿತ್ರವೊಂದು ಪ್ರತ್ಯಕ್ಷವಾಯಿತು. ಅಮ್ಮ ಸ್ತಂಭೀಭೂತಳಾದಳು.

"ಲೇ, ಬಾಗಿನಾನ ಫೋನಲ್ಲಿ ಕಳ್ಸವ್ಳಲ್ಲೇ! ಆ ಬಳೆ ಹೆಂಗ್ ತೊಟ್ಕೊಳ್ಲಿ? ತವರು ಮುಗೀತು ಕಣೇ ನನಗೆ, ಇವತ್ತಿಗೆ ಮುಗೀತು."

ಜಗಳ ಮುಖಾಮುಖಿಯೇ ಆಗಬೇಕೆಂದು ಮರುದಿನ ನನ್ನನ್ನೂ ಎಳೆದುಕೊಂಡು ಅಜ್ಜಂಪುರದ ಬಸ್ಸು ಹತ್ತಿದಳು. ಸಾವಿತ್ರಮ್ಮ ಜಗಲಿಯಲ್ಲಿ ಕುಳಿತಿದ್ದರು. ನಾವು ಎದುರಿಗೇ ಹೋಗಿ ನಿಂತರೂ ನಮ್ಮ ಪಕ್ಕದ ಕಂಬದತ್ತ ನೋಡುತ್ತ, "ಯಾರು?" ಎಂದರು.

"ಯಾರಂತೆ! ದಿನಾ ನನ್ನ ಫೋಟೋ ನೋಡ್ತೀಯ, ಮೂತಿ ಗುರ್ತು ಸಿಗ್ಲಿಲ್ವಾ?" ಎಂದು ಅಮ್ಮ ಸಿಡಿದಳು.

"ಲಲಿತಾ? ಅಯ್ಯೋ, ನೀನೇನೇ! ಬೈದ್ಯಲ್ಲ, ಈಗ ಸಿಕ್ತು ನೋಡು ಗುರ್ತು." ಅವರ ಕೈ ಗಾಳಿಯಲ್ಲಿ ಅಮ್ಮನ ಸೆರಗನ್ನು ತಡಕುತ್ತಿತ್ತು. "ಸಕ್ಕರೆ ಕಾಯ್ಲೆ ಕಣ್ಣು ತಿಂದ್ಬಿಡ್ತು ಕಣೇ. ಯುಗಾದಿಯಿಂದ ಎಲ್ಲಾ ನೆಳ್ಳು ನೆಳ್ಳು. ಫೋನ್ ನೋಡೋದೂ ಸೊಸೆ, ಹಾಕೋದೂ ಸೊಸೆ. ಮೊರ ಕಟ್ಟಿಟ್ಟೀನಿ ಒಳಗೆ. ಬಸ್ಸಿನ ಬೋರ್ಡ್ ಓದಕ್ಕಾಗಲ್ಲ, ಹೆಂಗ್ ಬರ್ಲಿ?"

"ಒಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಳಣಾಂತಿದ್ದೆ. ಲಲಿತಕ್ಕ ಆರಾಮಾಗವ್ರೆ, ನಗ್ತಾವ್ರೆ ಅಂತ ಸೊಸೆ ದಿನಾ ಹೇಳೋಳು. ನಗ್ತಿರೋಳಿಗೆ ನನ್ ಗೋಳು ಯಾಕೆ ಅಂತ ಸುಮ್ನಾದೆ."

ಆ ಪುಟ್ಟ ಕಣ್ಣಿನಡಿ ಪ್ರತಿದಿನ ಮೊದಲು ಮೂಡುತ್ತಿದ್ದುದು ಸಾವಿತ್ರಮ್ಮನ ಹೆಸರು. ಅದನ್ನು ಕಂಡು ಅಮ್ಮ ಹಿಗ್ಗುತ್ತಿದ್ದಳು. ನೋಡಿದರೆಂದು ಫೋನು ಸಾರುತ್ತಲೇ ಇತ್ತು, ಅವರ ಕಣ್ಣು ಕತ್ತಲಾಗುತ್ತಲೇ ಇತ್ತು. ಪರಸ್ಪರರ ಕ್ಷೇಮವನ್ನು ಇಷ್ಟು ಶ್ರದ್ಧೆಯಿಂದ ವೀಕ್ಷಿಸಿದ ಇಬ್ಬರು ಸ್ನೇಹಿತೆಯರಲ್ಲಿ ಯಾರೊಬ್ಬರೂ ಹೇಗಿದ್ದೀಯೆ ಎಂದು ಕೇಳಿರಲಿಲ್ಲ! ಸೊಸೆಯನ್ನು ದೂರುವಂತಿಲ್ಲ, ಅತ್ತೆಯ ಬಳಕೆ ಕಡಿಯಬಾರದೆಂದು ಆಕೆ ಮಾಡಿದ ಉಪಕಾರವದು. ಅಮ್ಮ ಒಳಗೆ ಹೋಗಿ ಮೊರ ತಂದು ಗೆಳತಿಯ ಕೈಗಿತ್ತು, ಸೆರಗೊಡ್ಡಿ ಕುಳಿತಳು. ಇಬ್ಬರೂ ಅತ್ತರು, ನಡುವೆ ಒಬ್ಬರನ್ನೊಬ್ಬರು ಬೈದುಕೊಂಡರು.

ಅನಂತರ ನಮ್ಮ ಮನೆಯಲ್ಲಾದ ಬದಲಾವಣೆ ಇಷ್ಟು. ಸಾವಿತ್ರಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವ ದಿನ ಅಮ್ಮನೂ ಜೊತೆಗೆ ಹೋಗುತ್ತಾಳೆ. ಅಂದು ಅಡುಗೆ ನನ್ನದು, ಸಹನೆ ಅಪ್ಪನದು. ಅಮ್ಮ ಸ್ಟೇಟಸ್ ಹಾಕುವುದನ್ನು ಬಿಟ್ಟಿದ್ದಾಳೆ. ಪ್ರತಿ ಸಂಜೆ ಫೋನು ಕಿವಿಗಿಟ್ಟು, ಬೀದಿಯಲ್ಲಿ ಯಾರು ಯಾವ ಬಣ್ಣದ ಸೀರೆಯುಟ್ಟು ಹೋದರೆಂಬುದರವರೆಗೆ ಗೆಳತಿಗೆ ವರ್ಣಿಸುತ್ತಾಳೆ. ನಮ್ಮ ರಾತ್ರಿಯೂಟ ಈಗ ಒಂದು ಗಂಟೆ ತಡ.