ಸಮಾಧಿಯ ಎದುರು ಓದಿದ ಫೈಸಲೆ

ಮಲ್ಲಪ್ಪ ಅತ್ತಿಗೆಯ ಸಮಾಧಿಗೆ ಕೈಮುಗಿದು, "ವೈನಿ, ನಿನ್ನ ಹೊಲಾ ಬಿಟ್ಟುಕೊಟ್ಟೀನಿ, ತಗೋ" ಎಂದ. ಆ ಅತ್ತಿಗೆ ಸಂಗಮ್ಮ ಅವನ ಬೆನ್ನ ಹಿಂದೆಯೇ ನಿಂತಿದ್ದಳು.

ವಲಾಂಡಿ ಊರಿನ ಹೊಲದಲ್ಲಿ ನಡುಮಧ್ಯಾಹ್ನ. ಶ್ರೀಶೈಲದ ಯಾತ್ರೆಯಲ್ಲಿ ಸಂಗಮ್ಮ ಪ್ಲೇಗಿಗೆ ಸಿಕ್ಕು ಹಿಂದುಳಿದಾಗ, ಮನೆಯವರು ಆಕೆ ಸತ್ತಳೆಂದು ಹೆಣದ ಬದಲು ಅವಳ ಸೀರೆಗೆ ವಿಭೂತಿ ಹಚ್ಚಿ ಇಲ್ಲಿ ಹೂಳಿದ್ದರು. ಅವಳ ಹೊಲ ಮೈದುನ ಮಲ್ಲಪ್ಪನ ಹೆಸರಿಗಾಯಿತು. ಆಕೆ ಬದುಕಿ ಮರಳಿದರೂ ಯಾರೂ ಒಳಗೆ ಕರೆಯಲಿಲ್ಲ. ಸಮಾಧಿಯಾದವರು ಮತ್ತೆ ಹೊಸ್ತಿಲು ದಾಟಬಾರದಂತೆ. ಕೊನೆಗೆ ಆಕೆ ಹೂಡಿದ ದಾವೆಗೆ ಹೈದರಾಬಾದಿನ ಹಿರಿಯ ಅದಾಲತು ಅವಳ ಪರವಾಗಿ ಫೈಸಲೆ ಕೊಟ್ಟಿತು. ತೀರ್ಪು ಜಾರಿ ಮಾಡಲು ಬಂದ ಅಮೀನರು ಅದನ್ನು ಸಮಾಧಿಯ ಎದುರು ಉರ್ದುವಿನಲ್ಲಿ ಓದಿದರು. ಅವರ ಗುಮಾಸ್ತನಾದ ನಾನು ಕನ್ನಡದಲ್ಲಿ ಹೇಳಿದೆ: ಯಾರನ್ನೇ ಆಗಲಿ, ಅವರ ಮಾತು ಕೇಳದೆ ಸತ್ತವರೆಂದು ತೀರ್ಮಾನಿಸಿ ಹಕ್ಕು ಕಸಿಯುವಂತಿಲ್ಲ, ಇನ್ನು ರಾಜ್ಯದ ಎಲ್ಲ ಕಚೇರಿಗಳಿಗೂ ಇದೇ ನಿಯಮ.

"ದೆವ್ವಕ್ಕ ಹೊಲಾ ಯಾಕ್ರೀ ಸಾಹೇಬ್ರ?" ಎಂದು ಗುಂಪಿನಲ್ಲಿ ಯಾರೋ ನಕ್ಕರು.

"ನಾ ಇಲ್ಲೇ ನಿಂತೀನೋ ಮಲ್ಲಪ್ಪಾ," ಎಂದಳು ಸಂಗಮ್ಮ. "ಈ ಕಡಿ ಮಾರಿ ಮಾಡಿ ಹೇಳು."

ಮಲ್ಲಪ್ಪ ತಿರುಗಲಿಲ್ಲ. ಅದು ನಟನೆಯಾಗಿರಲಿಲ್ಲ, ಆ ಸುಡುಬಿಸಿಲಲ್ಲೂ ಅವನ ತೋಳಿನ ರೋಮಗಳು ನೆಟ್ಟಗೆ ನಿಂತಿದ್ದವು. ಸಂಗಮ್ಮ ಅವನನ್ನು ದಾಟಿ ಬಂದು, ಸಮಾಧಿಯ ಮೇಲೆ ತನಗೆಂದೇ ಎಡೆ ಇಟ್ಟಿದ್ದ ಹೋಳಿಗೆ ಮುರಿದು ತಿನ್ನತೊಡಗಿದಳು. ನಗುತ್ತಿದ್ದವರು ಹಿಂದೆ ಸರಿದರು. ನಾನೂ ಸರಿದೆ.

ಅಂದಿನಿಂದ ಅರ್ಜಿಯಲ್ಲಿ ಯಾರ ಹೆಸರಿಗಾದರೂ 'ಮೃತ' ಎಂದು ಬರೆಯುವ ಮೊದಲು, ಕಚೇರಿಯ ಬಾಗಿಲಿಗೆ ಹೋಗಿ ಆ ಹೆಸರನ್ನು ಗಟ್ಟಿಯಾಗಿ ಕೂಗುತ್ತೇನೆ. ಯಾರಾದರೂ ಓಗೊಟ್ಟಾರೆಂದು ಸ್ವಲ್ಪ ಹೊತ್ತು ಕಾಯುತ್ತೇನೆ.