ಒಡೆದ ಕಾಯಿ ಯಾರಿಗೆ

ಈ ಬೆಳಿಗ್ಗೆ ನಿಮ್ಮಪ್ಪ ತೆಂಗಿನಕಾಯಿ ಒಡೆಯಲು ಹೋಗಿ ಬಾಲ್ಕನಿಯ ಕಟ್ಟೆಯ ಒಂದು ಚೂರನ್ನು ಒಡೆದ. ಕಾಯಿ ಹೇಗಿತ್ತೋ ಹಾಗೇ ಇತ್ತು. ಕೆಳಗಿನ ಫ್ಲ್ಯಾಟಿನವರು ತಲೆ ಹೊರಹಾಕಿ ಏನೋ ಕೇಳಿದರು. ಇವನು "ಸಾರಿ, ಸಾರಿ" ಎನ್ನುತ್ತಾ ಒಳಗೆ ಬಂದು ಕಾಯಿಯನ್ನು ನನ್ನ ಮುಂದೆ ಕುಕ್ಕಿ, "ಅಮ್ಮಾ, ಇಡೀ ಮಲಾಡ್ ಮಾರ್ಕೆಟಿನಲ್ಲಿ ನಿನಗೆ ಇದೇ ಸಿಕ್ಕೂದಾ?" ಎಂದ. ಅದಕ್ಕೆ ಉತ್ತರ ಹೇಳಲು ಸಾಕಷ್ಟು ಹೊತ್ತು ಬೇಕು, ಅವನಿಗೆ ಲೋಕಲ್ ರೈಲು ಹಿಡಿಯುವುದಿತ್ತು.

ಅದೇ ಹೊತ್ತಿಗೆ ನೀವಿಬ್ಬರೂ ಸೋಫಾದ ಮೇಲೆ ಒಂದೇ ಫೋನಿಗೆ ತಲೆ ಕೊಟ್ಟು ನಗುತ್ತಿದ್ದಿರಿ. ಆದಿತ್ಯ ನನಗೂ ತೋರಿಸಿದ. ಇಂಗ್ಲೆಂಡಿನಲ್ಲಿ ಒಂದು ಗುಡ್ಡದ ಮೇಲಿನಿಂದ ಚೀಸಿನ ದೊಡ್ಡ ಗಾಲಿಯನ್ನು ಉರುಳಿಸುತ್ತಾರೆ. ಜನ ಅದರ ಹಿಂದೆ ಓಡುತ್ತಾರೆ, ಅಂದರೆ ಬೀಳುತ್ತಾರೆ. ಗೆದ್ದವನಿಗೆ ಅದೇ ಚೀಸು. ಇನ್ನೆಲ್ಲೋ ಇಬ್ಬರು ಬೂಟು ಬಿಚ್ಚಿ ಕಾಲಿನ ಹೆಬ್ಬೆರಳಿಗೆ ಹೆಬ್ಬೆರಳು ಸಿಕ್ಕಿಸಿ ಕುಸ್ತಿ ಮಾಡುತ್ತಾರೆ. ಫಿನ್ಲೆಂಡಿನಲ್ಲಿ ಗಂಡಂದಿರು ಹೆಂಡತಿಯನ್ನು ತಲೆಕೆಳಗಾಗಿ ಬೆನ್ನಿಗೆ ಹಾಕಿಕೊಂಡು ನೀರಿನ ಹೊಂಡ ದಾಟಿ ಓಡುತ್ತಾರೆ. ಆ ಹೆಂಗಸಿನ ಮುಖ ನೋಡಲು ನಾನು ತುಂಬಾ ಪ್ರಯತ್ನಪಟ್ಟೆ. ಅದು ಗಂಡನ ಬೆನ್ನಿನ ಹಿಂದೆ ನೀರೊಳಗಿತ್ತು.

"ಕ್ರೇಜಿ ಅಲ್ವಾ ಅಜ್ಜಿ? ನಮ್ಮಲ್ಲಿ ಇಂಥದ್ದು ಕುಛ್ ಭೀ ಇಲ್ಲ. ಓನ್ಲಿ ಕ್ರಿಕೆಟ್," ಎಂದಳು ಅನಘಾ.

ನಾನು ನನ್ನ ಮುಂದಿದ್ದ ಕಾಯಿಯನ್ನು ನೋಡಿದೆ. ಅದಕ್ಕೇ ಇದನ್ನು ಬರೆಯಲು ಕೂತದ್ದು. ನಿಮಗೆ ಕನ್ನಡ ಓದಲು ಬರುವುದಿಲ್ಲವಾದ್ದರಿಂದ ನಿಮ್ಮಪ್ಪನೇ ಓದಿ ಹೇಳಬೇಕು. ಕಟ್ಟೆ ಒಡೆದದ್ದಕ್ಕೆ ಅವನಿಗೆ ಅಷ್ಟು ಶಿಕ್ಷೆ ಇರಲಿ.

ಉಡುಪಿಯಿಂದ ಒಳಗೆ, ಆಗಿನ್ನೂ ಬಸ್ಸು ಹೋಗದ ನನ್ನ ಊರಿನಲ್ಲಿ ಕಾಯಿ ಕುಟ್ಟುವ ಆಟ ಇತ್ತು. ದೀಪಾವಳಿಯ ಸಮಯದಲ್ಲಿ ಆಡುತ್ತಿದ್ದರು. ಒಬ್ಬ ಸುಲಿದ ತೆಂಗಿನಕಾಯಿಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ನಿಲ್ಲುತ್ತಾನೆ. ಇನ್ನೊಬ್ಬ ತನ್ನ ಕಾಯಿಯಿಂದ ಅದಕ್ಕೆ ಕುಟ್ಟುತ್ತಾನೆ. ಯಾರ ಕಾಯಿ ಒಡೆಯಿತೋ ಅವನು ಸೋತ. ಒಡೆದ ಕಾಯಿ ಗೆದ್ದವನಿಗೆ. ಅಷ್ಟೇ ಆಟ. ಬೆರಳು ಮಧ್ಯೆ ಸಿಕ್ಕಿಕೊಂಡವರು ಅದರ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ.

ಹೆಣ್ಣುಮಕ್ಕಳು ಆಡುವ ಹಾಗಿರಲಿಲ್ಲ. ಆದರೆ ನನ್ನ ಅಣ್ಣನಿಗೆ ಕಾಯಿ ಆರಿಸಿ ಕೊಡುತ್ತಿದ್ದವಳು ನಾನು. ಉದ್ದ ಕಾಯಿ ಬೇಡ. ಏಣು ಎದ್ದು ಕಾಣುವ ಕಾಯಿಯೂ ಬೇಡ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಸಣ್ಣದು, ಗುಂಡಗಿನದು, ಹಳೆಯ ಮರದ್ದು, ಚಿಪ್ಪು ಕಪ್ಪಗಾದದ್ದು ಬೇಕು. ಅದನ್ನು ಮುಂದಿನ ಹಲ್ಲಿಗೆ ತಾಗಿಸಿ ಹಿಡಿದು ಉಗುರಿನಿಂದ ಬಡಿದರೆ ಸದ್ದು ತಲೆಯ ಒಳಗೆ ಕೇಳುತ್ತದೆ. ಚಿಪ್ಪು ದಪ್ಪವಿದ್ದರೆ ಒಂದು ಸದ್ದು, ತೆಳುವಿದ್ದರೆ ಇನ್ನೊಂದು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಅಣ್ಣ ಊರಿನಲ್ಲೆಲ್ಲ ಗೆದ್ದು ಬಂದು ಅಂಗಳದಲ್ಲಿ ಎದೆ ಉಬ್ಬಿಸಿ ನಿಲ್ಲುತ್ತಿದ್ದ, ನಾನು ಒಳಗೆ ಅವನು ಗೆದ್ದ ಕಾಯಿಗಳನ್ನು ತುರಿಯುತ್ತಿದ್ದೆ.

ನಾನು ಎಷ್ಟು ನಾಚಿಕೆಯವಳು ಎಂದರೆ ಶಾಲೆಯಲ್ಲಿ ಹೆಸರು ಕರೆದಾಗ "ಹಾಜರ್" ಎನ್ನಲೂ ನನ್ನಿಂದ ಆಗುತ್ತಿರಲಿಲ್ಲ. ಪಕ್ಕದಲ್ಲಿ ಕೂತವಳು ನನ್ನ ಪರವಾಗಿ ಹೇಳುತ್ತಿದ್ದಳು. ಅವಳು ಬಾರದ ದಿನ ನಾನೂ ಬಂದಿಲ್ಲವೆಂದೇ ಲೆಕ್ಕ. ಇಂಥವಳನ್ನು ಮದುವೆ ಮಾಡಿ ಬೊಂಬಾಯಿಗೆ ಕಳಿಸಿದರು. ಅರುವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು.

ನಿಮ್ಮ ಅಜ್ಜ ಬೈಕುಲ್ಲಾದ ಒಂದು ಉಡುಪಿ ಹೋಟೆಲಿನಲ್ಲಿ ಚಟ್ನಿಯ ಕೆಲಸ ನೋಡಿಕೊಳ್ಳುತ್ತಿದ್ದರು. ಚಟ್ನಿ ಎಂದರೆ ಸಣ್ಣ ಕೆಲಸ ಎಂದುಕೊಳ್ಳಬೇಡಿ. ಮಾರ್ಕೆಟಿನಿಂದ ಮೂಟೆಗಟ್ಟಲೆ ಬರುವ ಕಾಯಿ ನೋಡಿ ಇಳಿಸಿಕೊಳ್ಳುವುದು, ಒಡೆಯುವುದು, ತುರಿಯುವುದು, ಅರೆಸುವುದು ಎಲ್ಲ ಅವರದೇ. ಎಡಗೈಯಲ್ಲಿ ಕಾಯಿ ಹಿಡಿದು ಕತ್ತಿಯ ಹಿಂಬದಿಯಿಂದ ಒಂದು ಏಟು ಹಾಕಿದರೆ ಎರಡು ಸಮ ಹೋಳು. ಒಳ್ಳೆಯ ಕಾಯಿ ಯಾವುದು ಎಂದು ನಾನೊಮ್ಮೆ ಕೇಳಿದ್ದಕ್ಕೆ "ಒಂದೇ ಏಟಿಗೆ ಒಡೆಯೂದು" ಎಂದಿದ್ದರು. ಈ ಮನುಷ್ಯನಿಗೆ ಕಾಯಿಯ ವಿಷಯ ಏನೂ ತಿಳಿಯದು ಎಂದು ನಾನು ಅಂದೇ ತೀರ್ಮಾನಿಸಿದೆ.

ಮದುವೆಗೆ ಮೊದಲು ಅವರು ಹೋಟೆಲಿನ ಅಟ್ಟದಲ್ಲೇ ಮಲಗುತ್ತಿದ್ದರು. ನನಗೋಸ್ಕರ ಘಾಟ್ಕೋಪರಿನ ಒಂದು ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಒಂದೇ ಕೋಣೆಯ ಖೋಲಿ ಹಿಡಿದರು. ಅಕ್ಕಪಕ್ಕದಲ್ಲೆಲ್ಲ ರತ್ನಾಗಿರಿ ಕಡೆಯ ಮರಾಠಿಯವರು. ನನಗೆ ಮರಾಠಿ ಬಾರದು, ಹಿಂದಿ ಬಾರದು, ಬರುವ ಕನ್ನಡವನ್ನೂ ನಾನು ಮಾತಾಡುತ್ತಿರಲಿಲ್ಲ. ನಲ್ಲಿಗೆ ಹೋಗುವ ಮುಂಚೆ ಬಾಗಿಲಿಗೆ ಕಿವಿಯಿಟ್ಟು, ಎಲ್ಲರೂ ನೀರು ತುಂಬಿಸಿಕೊಂಡು ಹೋದದ್ದು ಖಾತ್ರಿಯಾದ ಮೇಲೆ ಹೊರಡುತ್ತಿದ್ದೆ. ಅಷ್ಟು ಹೊತ್ತಿಗೆ ನೀರೂ ಹೋಗಿರುತ್ತಿತ್ತು.

ನಿಮ್ಮ ಅಜ್ಜ ಕೆಲವು ತಿಂಗಳು ನೋಡಿದರು. ಒಂದು ಸಂಜೆ ಖಾಲಿ ಕೊಡ ನೋಡಿ ಹೇಳಿದರು: "ಬೇಜಾರು ಮಾಡಿಕೊಳ್ಬೇಡ ಮಾರಾಯ್ತಿ. ನಿನಗೆ ಇಲ್ಲಿ ಆಗೂದಿಲ್ಲ ಅಂತ ಕಾಣ್ತದೆ. ಚೌತಿಗೆ ಊರಿಗೆ ಬಿಟ್ಟು ಬರ್ತೇನೆ. ಖೋಲಿ ವಾಪಸ್ ಕೊಟ್ಟು ನಾನು ಮೊದಲಿನ ಹಾಗೆ ಅಟ್ಟದಲ್ಲಿ ಇರ್ತೇನೆ."

ನನಗೆ ಹೋಗಲು ಇಷ್ಟವಿರಲಿಲ್ಲ. ದಿನವೂ ಸಂಜೆ ತೆಂಗಿನಕಾಯಿಯ ವಾಸನೆ ಹೊತ್ತುಕೊಂಡು ಬರುವ ಆ ಮನುಷ್ಯ ನನಗೆ ಹಿಡಿಸಿದ್ದರು. ಆದರೆ ಇಂಥದ್ದನ್ನು ಗಂಡನಿಗೆ ಬಾಯಿಬಿಟ್ಟು ಹೇಳುವುದು ಹೇಗೆ? ತಲೆ ತಗ್ಗಿಸಿದೆ. ಅವರು ಅದನ್ನು ಒಪ್ಪಿಗೆ ಎಂದು ತಿಳಿದರು.

ಚೌತಿಗೆ ಮೊದಲು ನೂಲಹುಣ್ಣಿಮೆ ಬಂತು. ಅಲ್ಲಿಯವರಿಗೆ ಅದು ನಾರಳಿ ಪೌರ್ಣಿಮೆ, ತೆಂಗಿನಕಾಯಿಯ ಹಬ್ಬ. ಮಧ್ಯಾಹ್ನ ನಾನು ಬಾಗಿಲು ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದೆ. ಹೊರಗೆ "ಟಕ್" ಎಂದಿತು. ಜನ ಹೋ ಎಂದರು. ಮತ್ತೆ "ಟಕ್". ಮಕ್ಕಳೇ, ಆ ಸದ್ದನ್ನು ನಾನು ಜಗತ್ತಿನ ಯಾವ ಮೂಲೆಯಲ್ಲೂ ಗುರುತಿಸಬಲ್ಲೆ. ಬಾಗಿಲು ತೆರೆದೆ. ಚಾಳಿನ ಅಂಗಳದಲ್ಲಿ ಕಾಯಿ ಕುಟ್ಟುತ್ತಿದ್ದರು. ಗಂಡಸರಷ್ಟೇ ಅಲ್ಲ, ಹೆಂಗಸರೂ. ಎಲ್ಲರಿಗೂ ಚಿಕ್ಕಮ್ಮನಂತಿದ್ದ ಪಕ್ಕದ ಖೋಲಿಯ ಶೇವಂತಾ ಮಾವ್ಶಿ ಸೀರೆ ಎತ್ತಿ ಕಟ್ಟಿ ಒಬ್ಬೊಬ್ಬರನ್ನೇ ಸೋಲಿಸುತ್ತಿದ್ದರು.

ಮಂಚದ ಕೆಳಗೆ ತವರಿನವರು ಕಟ್ಟಿಕೊಟ್ಟ ಕಾಯಿಗಳಿದ್ದವು. ಅದರಲ್ಲಿ ಬಾವಿಕಟ್ಟೆಯ ಪಕ್ಕದ ಮುದಿ ಮರದ ಒಂದು ಕಾಯಿಯನ್ನು ನಾನು ಅಡುಗೆಗೆ ಬಳಸದೆ ಇಟ್ಟುಕೊಂಡಿದ್ದೆ. ಯಾಕೆ ಎಂದು ಕೇಳಿದ್ದರೆ ಹೇಳಲು ಗೊತ್ತಾಗುತ್ತಿರಲಿಲ್ಲ. ಅದನ್ನು ಸೆರಗಿನಲ್ಲಿ ಹಿಡಿದು ಅಂಗಳಕ್ಕೆ ಹೋಗಿ ಮಾವ್ಶಿಯ ಮುಂದೆ ನಿಂತೆ.

"ಯೇ ಗ, ಮದ್ರಾಸಿಣ್!" ಎಂದರು ಮಾವ್ಶಿ, ಬಾರೇ ಮದ್ರಾಸಿ ಎಂದು. ಆಗ ಸೊಲ್ಲಾಪುರದಿಂದ ಕೆಳಗಿನವರೆಲ್ಲ ಮದ್ರಾಸಿಗಳೇ. ನಾನು ಕಾಯಿ ಮುಂದೆ ಹಿಡಿದೆ. ಅವರು ಕುಟ್ಟಿದರು. ಅವರದೇ ಒಡೆಯಿತು. ಅವರ ಗಂಡ ಬಂದರು, ಅವರದೂ ಒಡೆಯಿತು. ಆಮೇಲೆ ಗ್ಯಾಲರಿಯಲ್ಲಿದ್ದವರೆಲ್ಲ ಇಳಿದು ಬಂದರು. "ಹಿಚ್ಯಾ ನಾರಳಾತ್ ದಗಡ್ ಆಹೆ!" ಎಂದು ಯಾರೋ ಕೂಗಿದರು. ಇವಳ ಕಾಯಿಯೊಳಗೆ ಕಲ್ಲಿದೆ ಎಂದು. ಅರ್ಥವಾಗದೆ ನಾನು ಅವರಿಗೂ ಕಾಯಿ ಹಿಡಿದೆ.

ಕೊನೆಗೆ ನನ್ನ ಕಾಯಿಯೊಂದೇ ಉಳಿಯಿತು. ನಾನು ನಮ್ಮೂರಿನ ನಿಯಮದ ಪ್ರಕಾರ ಒಡೆದ ಹೋಳುಗಳನ್ನೆಲ್ಲ ಆರಿಸಿ ಸೆರಗಿನಲ್ಲಿ ತುಂಬಿಸಿಕೊಂಡೆ. ಒಂದು ಹೋಳು ಒಬ್ಬ ಮುದುಕನ ಕೈಯಲ್ಲೇ ಇತ್ತು, ಅದನ್ನೂ ಬಿಡಿಸಿಕೊಂಡೆ. ಖೋಲಿಗೆ ಬಂದು ಅಗಳಿ ಹಾಕಿದೆ. ಹಿಂದೆಯೇ ಮಾವ್ಶಿ ಬಂದು ಕಿಟಕಿಯಲ್ಲಿ, "ಆತಾ ಭಾತ್ ಕಶಾಚಾ ಕರಾಯ್ಚಾ? ದಗಡಾಚಾ?" ಎಂದು ಜೋರಾಗಿ ಕೇಳಿದರು. ನನ್ನ ಆಟವನ್ನು ಮೆಚ್ಚಿಕೊಂಡರು ಎಂದುಕೊಂಡು ನಾನು ತಲೆಯಾಡಿಸಿದೆ.

ಸಂಜೆ ಇವರು ಬಂದರು. ಮಂಚದ ಮೇಲೆ, ಕೆಳಗೆ, ಒಲೆಯ ಪಕ್ಕ ಎಲ್ಲ ಕಡೆ ಹೋಳು. ಬಾಗಿಲಲ್ಲೇ ನಿಂತು ನೋಡಿದರು.

"ಎಂತ ಇದು? ನಾನು ದಾರಿ ತಪ್ಪಿ ಹೋಟೆಲಿಗೇ ವಾಪಸ್ ಬಂದೆನಾ?"

"ಗೆದ್ದದ್ದು," ಎಂದೆ. ಮದುವೆಯಾದ ಮೇಲೆ ನಾನು ಅವರಿಗೆ ಹೆಮ್ಮೆಯಿಂದ ಹೇಳಿದ ಮೊದಲ ಮಾತು ಅದು.

ಅವರು ಒಂದು ಹೋಳು ಎತ್ತಿ ಅಂಚನ್ನು ಬೆರಳಿನಿಂದ ಸವರಿದರು. "ಏಟು ಚಂದ ಬಿದ್ದದೆ," ಎಂದರು. ಮತ್ತೆ ಕೂತು ನಿಧಾನವಾಗಿ ವಿಷಯ ತಿಳಿಸಿದರು. ಮೆಟ್ಟಿಲ ಹತ್ತಿರವೇ ಇಡೀ ಚಾಳು ಅವರನ್ನು ಹಿಡಿದು ನಿಲ್ಲಿಸಿತ್ತಂತೆ. ಇಲ್ಲಿ ಒಡೆದ ಕಾಯಿ ಗೆದ್ದವರಿಗಲ್ಲ. ಎಲ್ಲವನ್ನೂ ಒಟ್ಟು ಮಾಡಿ, ಬೆಲ್ಲ ಹಾಕಿ ನಾರಳಿ ಭಾತ್ ಎಂಬ ಸಿಹಿ ಅನ್ನ ಮಾಡಿ, ಅಂಗಳದಲ್ಲಿ ಎಲ್ಲರೂ ಕೂತು ತಿನ್ನುತ್ತಾರೆ. ಅಕ್ಕಿ ನೆನೆಸಿಟ್ಟಿದ್ದರಂತೆ, ಬೆಲ್ಲ ಕುಟ್ಟಿಟ್ಟಿದ್ದರಂತೆ. ಕಾಯಿಯನ್ನು ಮಾತ್ರ ನಾನು ಮನೆಗೆ ಹೊತ್ತು ತಂದಿದ್ದೆ. ಇನ್ನು ಭಾತ್ ಯಾತರದು ಮಾಡುವುದು, ಕಲ್ಲಿನದಾ ಎಂದು ಮಾವ್ಶಿ ಕಿಟಕಿಯಲ್ಲಿ ಕೇಳಿದ್ದು ಅದಕ್ಕೇ.

ನನಗೆ ಅಳು ಬಂತು. ಚೌತಿಯವರೆಗೂ ಕಾಯುವುದು ಬೇಡ, ನಾಳೆಯೇ ನನ್ನನ್ನು ಊರಿಗೆ ಕಳಿಸುತ್ತಾರೆ ಎಂದುಕೊಂಡೆ. ಅವರು ಎದ್ದು ಅಂಗಿ ಕಳಚಿ ಗೂಟಕ್ಕೆ ಹಾಕಿ ತುರಿಮಣೆ ಎಳೆದುಕೊಂಡು ಕೂತರು. "ಅಳು ಆಮೇಲೆ. ನಾನು ತುರೀತೇನೆ, ನೀನು ಪಾಕ ನೋಡು."

ಇಬ್ಬರೂ ಸೇರಿ ಕೊಬ್ಬರಿ ಮಿಠಾಯಿ ಮಾಡಿದೆವು. ಹರಿವಾಣ ತುಂಬಿದಾಗ ಅವರು ಗೋಡೆಗೊರಗಿ ಕೂತರು. "ಇನ್ನು ಎಲ್ಲರ ಮನೆಗೆ ಕೊಟ್ಟು ಬಾ."

"ನೀವೂ ಬನ್ನಿ."

"ನಾನೆಂತಕ್ಕೆ? ಗೆದ್ದದ್ದು ನೀನಲ್ವಾ?"

ಮೊದಲ ಬಾಗಿಲು ಶೇವಂತಾ ಮಾವ್ಶಿಯದು. ಅವರು ಸೊಂಟಕ್ಕೆ ಕೈಯಿಟ್ಟು ನಿಂತು "ಬೋಲ್ ಕೀ ಗ" ಎಂದರು, ಬಾಯಿ ಬಿಡು ಎಂದು. ನನಗೆ ಬರುವುದು ಒಂದೇ ಭಾಷೆ, ಅದರಲ್ಲೇ ಹೇಳಿದೆ: "ನಮ್ಮ ಊರಿನಲ್ಲಿ ಒಡೆದ ಕಾಯಿ ಗೆದ್ದವರಿಗೆ. ಇಲ್ಲಿ ಹಾಗಲ್ಲ ಅಂತ ನನಗೆ ಗೊತ್ತಿರಲಿಲ್ಲ." ಅವರಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಒಂದು ತುಂಡು ಬಾಯಿಗೆ ಹಾಕಿಕೊಂಡರು, ಅಗಿದರು. "ಗೋಡ್ ಆಹೆ," ಸಿಹಿಯಾಗಿದೆ ಎಂದರು. ಇನ್ನೊಂದು ತುಂಡು ತೆಗೆದುಕೊಂಡು, ಹರಿವಾಣಕ್ಕೆ ಒಂದು ಕೈ ಹಾಕಿ, ನನ್ನ ಜೊತೆ ಮುಂದಿನ ಬಾಗಿಲಿಗೆ ಅವರೇ ಬಂದರು. ಪ್ರತಿ ಬಾಗಿಲಲ್ಲೂ ನಾನು ಅದೇ ಎರಡು ಮಾತು ಕನ್ನಡದಲ್ಲಿ ಹೇಳುವುದು, ಮಾವ್ಶಿ ಅದನ್ನು ತಮಗೆ ತೋಚಿದಂತೆ ಮರಾಠಿಯಲ್ಲಿ ವಿವರಿಸುವುದು. ಅವರು ಏನು ವಿವರಿಸಿದರೋ, ಎಲ್ಲರೂ ತುಂಬಾ ನಕ್ಕರು. ಕೊನೆಯ ಬಾಗಿಲಲ್ಲಿ ಮಾವ್ಶಿ ನನ್ನ ಗಲ್ಲ ಹಿಡಿದು, ಮುಂದಿನ ವರ್ಷ ಆಡಲು ಬಾ, ಆದರೆ ಆ ಕಲ್ಲನ್ನು ಮನೆಯಲ್ಲಿಟ್ಟು ಬಾ ಎಂದು ಕೈಸನ್ನೆಯಲ್ಲಿ ಹೇಳಿದರು. ಇವರಿಗೆ ತಿಳಿಸಿದೆ. "ಸರಿ, ಮುಂದಿನ ವರ್ಷದ ಕಾಯಿ ನಾನು ತರ್ತೇನೆ," ಎಂದರು. ಮುಂದಿನ ವರ್ಷ ಎಂಬ ಮಾತನ್ನು ನಾನು ಒಲೆಯ ಕಡೆ ತಿರುಗಿ ನಿಂತು ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಚೌತಿ ಬಂತು, ಹೋಯಿತು. ಊರಿನ ಮಾತೇ ಬರಲಿಲ್ಲ.

ಎಪ್ಪತ್ತರ ದಶಕದುದ್ದಕ್ಕೂ ಆ ಹಬ್ಬಕ್ಕೆ ನಿಮ್ಮ ಅಜ್ಜ ಹೋಟೆಲಿನ ಮೂಟೆಯಿಂದ ನನಗೊಂದು ಕಾಯಿ ಆರಿಸಿ ತರುತ್ತಿದ್ದರು. ಅದು ಪ್ರತಿ ವರ್ಷವೂ ಮೊದಲ ಏಟಿಗೇ ಒಡೆಯುತ್ತಿತ್ತು. ಚಾಳಿನವರು ಕುಣಿಯುತ್ತಿದ್ದರು. ಮಾವ್ಶಿ ನನ್ನನ್ನು ಅಂಗಳದ ಕಟ್ಟೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಚಹಾ ಕೊಟ್ಟು ಸಮಾಧಾನ ಮಾಡುತ್ತಿದ್ದರು. ಸೋತವಳಿಗೆ ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಆ ಕಟ್ಟೆಯ ಮೇಲೆ ಕೂತು ನಾನು ಮರಾಠಿ ಕಲಿತೆ. ತಡವರಿಸದೆ ಹೇಳಿದ ಮೊದಲ ವಾಕ್ಯ, "ಹ್ಯಾಂನಾ ನಾರಳ್ ಕಳತ್ ನಾಹೀ." ನಮ್ಮ ಯಜಮಾನರಿಗೆ ಕಾಯಿ ಗೊತ್ತಾಗುವುದಿಲ್ಲ ಎಂದು. ಇದನ್ನು ನಾನು ನಲ್ಲಿಯ ಹತ್ತಿರ, ರೇಷನ್ ಕ್ಯೂನಲ್ಲಿ, ನಿಮ್ಮಪ್ಪ ಹುಟ್ಟಿದ ಆಸ್ಪತ್ರೆಯಲ್ಲಿ ಕೂಡ ಹೇಳಿದ್ದೇನೆ. ಅವರು ಗ್ಯಾಲರಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮತ್ತೊಂದು ಸಲ ನಾರಳಿ ಭಾತ್ ಬಡಿಸಿಕೊಳ್ಳುತ್ತಿದ್ದರು.

ಈಗ ಅವರಿಲ್ಲ. ಮಾವ್ಶಿಯೂ ಇಲ್ಲ. ಚಾಳಿನ ಜಾಗದಲ್ಲಿ ಟವರ್ ಎದ್ದಿದೆ.

ಇಂದು ಸಂಜೆ ಅನಘಾಳಿಗೆ ಈ ಆಟ ತೋರಿಸೋಣ ಎನಿಸಿತು. ಬೆಳಗಿನ ಕಾಯಿ ಅವಳಿಗಿರಲಿ, ನನಗೆ ಬೇಗ ಒಡೆಯುವುದು ಬೇಕು ಎಂದು ಗೇಟಿನ ಪಕ್ಕದ ಅಂಗಡಿಗೆ ಹೋದೆ. (ಈ ಭಾಗ ಬಂದಾಗ ನಿಮ್ಮಪ್ಪ ಅನಘಾಳನ್ನು ನೀರು ತರಲು ಕಳಿಸಲಿ.) ಅಂಗಡಿಯವನು ಎಂದಿನಂತೆ ಸಣ್ಣ ಕಪ್ಪು ಕಾಯಿಗಳನ್ನು ಮುಂದಿಟ್ಟ. ನಾನು ಬೇಡವೆಂದು ರಾಶಿಗೆ ಕೈ ಹಾಕಿದೆ. ಉದ್ದನೆಯದು, ಏಣು ಎದ್ದದ್ದು, ತೆಳು ಚಿಪ್ಪಿನದು ಒಂದು ಕೈಗೆ ಬಂತು. "ಆಜೀ, ಆಜ್ ಯೇ?" ಇವತ್ತು ಇದಾ ಎಂದು ಅವನು ಆಶ್ಚರ್ಯಪಟ್ಟ.

ಆ ಕಾಯಿಯನ್ನು ನಾನು ಮೊದಲೇ ನೋಡಿದ್ದೆ. ವರ್ಷವರ್ಷವೂ ನಿಮ್ಮ ಅಜ್ಜ ಚೀಲದಿಂದ ತೆಗೆದು ನನ್ನ ಕೈಯಲ್ಲಿಡುತ್ತಿದ್ದದ್ದು ಇದನ್ನೇ. ಏನೂ ತಿಳಿಯದವನು ಮೂಟೆಯಿಂದ ಕಣ್ಣು ಮುಚ್ಚಿ ಎತ್ತಿದ್ದರೂ ಅಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ತಪ್ಪಿ ಗಟ್ಟಿಯದೊಂದು ಬರಬೇಕಿತ್ತು. ಒಮ್ಮೆಯೂ ಬಂದಿರಲಿಲ್ಲ.

ಕಾಯಿ ಹಿಡಿದು ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ. ವಾಚ್‌ಮನ್ ಕುರ್ಚಿ ಕೊಟ್ಟ. ಬೇಡವೆಂದೆ.

ಮನೆಯ ಹಾಲ್‌ನಲ್ಲಿ ನಾನು ಕಾಯಿ ಹಿಡಿದೆ, ಅನಘಾ ಕುಟ್ಟಿದಳು. ಮೊದಲ ಏಟಿಗೇ ನನ್ನದು ಎರಡು ಹೋಳಾಗಿ ನೀರು ನೆಲಕ್ಕೆ ಚೆಲ್ಲಿತು. ಅವಳು ಸೋಫಾದ ಮೇಲೆ ಹತ್ತಿ ಕುಣಿದಳು.

"ಅಜ್ಜಿ, ಯೂ ಲಾಸ್ಟ್! ನಿಮಗೆ ನಾರಿಯಲ್ ಸೆಲೆಕ್ಟ್ ಮಾಡ್ಲಿಕ್ಕೆ ಗೊತ್ತೇ ಇಲ್ಲ!"

"ಇಲ್ಲ ಪುಟ್ಟಿ, ಗೊತ್ತಿಲ್ಲ," ಎಂದು ತುರಿಮಣೆ ತರಲು ಎದ್ದೆ.