ಆರೋ, ಹಾರೋ?

ರಾಬರ್ಟ್‌ಸನ್‌ಪೇಟೆಯ ನಮ್ಮನೇಲಿ ಇವತ್ತು ಅಂತರಿಕ್ಷದ ಆಟ ಕಣ್ರಪ್ಪಾ. ದಾಳ ಉರುಳಿಸಿ, ನಾವೇ ಒಂದೊಂದು ಪಾತ್ರವಾಗಿ ಆಡೋದು. ಕ್ಯಾಸಂಬಳ್ಳಿಯ ಗೆಳೆಯ ಮುನಿರಾಜ ತನ್ನ ಕ್ಯಾಪ್ಟನ್ ಎಂಥವನು ಅಂತ ಹೇಳ್ತಿದ್ದ, ನಾನು ಬರ್ಕೊಳ್ತಿದ್ದೆ.

"ಅವನ ಭಯ?"

"ಎತ್ತರ ಕಂಡ್ರೆ ಕಾಲು ನಡುಗ್ತದೆ."

"ಶಕ್ತಿ?"

"ಆರು."

ಇವನು 'ಹ' ನುಂಗೋದು ಗೊತ್ತಲ್ಲ, ನಾನೇ ಸೇರಿಸಿ 'ಹಾರುತ್ತಾನೆ' ಅಂತ ಬರೆದೆ. ಹಾಳೆ ನೋಡಿ ಮುನಿರಾಜ ರೇಗಿದ.

"ಲೇ, ನಾನಂದಿದ್ದು ಐದಾದ್ಮೇಲೆ ಬರೋ ಆರು ಪಾಯಿಂಟು ಕಣ್ಲಾ! ಎತ್ತರಕ್ಕೆ ಎದರೋನು ಎಂಗ್ಲಾ ಆರ್ತಾನೆ?"

ಅಳಿಸೋಕೆ ರಬ್ಬರ್ ತಗೊಂಡೆ. ಮುನಿರಾಜ ನನ್ನ ಕೈ ತಡೆದ.

"ಇರ್ಲಿ ಬಿಡ್ಲಾ, ಎದರ್ಕೊಂಡೇ ಆರ್ಲಿ. ನಾನೂ ದಿನಾ ಬೈಕ್‌ನಲ್ಲಿ ಎದರ್ಕೊಂಡೇ ಬತ್ತೀನಿ."

ಕ್ಯಾಪ್ಟನ್‌ಗೆ ಕೊನೆಗೂ ಜೀವ ಬಂತು. ನನ್ನ ಶುದ್ಧ ಕನ್ನಡಕ್ಕೆ ಮಾತ್ರ ಇವತ್ತು ಸೊನ್ನೆ ಪಾಯಿಂಟು.